ಬಲಗಡೆಯ ಎಕ್ಸ್ ಯಾವುದು?

ಟೈಪ್ ಚೆಕರ್, ಅಂದರೆ ಕೋಡ್‌ನಲ್ಲಿ ಯಾವ ಹೆಸರಿಗೆ ಯಾವ ಬಗೆಯ ಬೆಲೆ ಎಂದು ಪರೀಕ್ಷಿಸುವ ಪ್ರೋಗ್ರಾಂ, ಒಂದು ಹೆಸರನ್ನು ಮೊದಲು ಒಳಗಿನ ಬ್ಲಾಕ್‌ನಲ್ಲಿ (ಒಟ್ಟಿಗೆ ಕಟ್ಟಿದ ಕೋಡ್ ಸಾಲುಗಳಲ್ಲಿ) ಹುಡುಕುತ್ತದೆ, ಸಿಗದಿದ್ದರೆ ಹೊರಗಿನದಕ್ಕೆ ಹೋಗುತ್ತದೆ ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ನಮ್ಮ ಬದಿಯಡ್ಕದ ಕಡೆ ಇದು ದಿನಾ ನಡೆಯುವುದೇ. ಮನೆಯೊಳಗೆ ‘ಮಾಷ್ಟ್ರು’ ಅಂದರೆ ದೊಡ್ಡಪ್ಪ. ಪೇಟೆಯಲ್ಲಿ ಅದೇ ಮಾತು ಹೇಳಿದರೆ ಬೇರೆ ಯಾರೋ ತಿರುಗಿ ನೋಡುತ್ತಾರೆ.

ಆದರೆ ಹೊಸ ಹೆಸರು ಯಾವಾಗ ಆ ಬ್ಲಾಕ್‌ನ ಹೆಸರುಗಳ ಪಟ್ಟಿಗೆ ಸೇರುತ್ತದೆ ಎಂಬುದನ್ನು ಬಿಟ್ಟಿದ್ದೀರಿ. ತಲೆ ಕೆಡುವುದು ಅಲ್ಲೇ ಅಲ್ವಾ? ಹೊರಗಿನ ಬ್ಲಾಕ್‌ನಲ್ಲಿ ಎಕ್ಸ್ ಎಂಬ ಹೆಸರಿದೆ. ಒಳಗೆ ಮತ್ತೆ ‘ಲೆಟ್ ಎಕ್ಸ್ = ಎಕ್ಸ್ + 1’ ಅಂತ, ಅಂದರೆ ಅದೇ ಹೆಸರನ್ನು ಹೊಸದಾಗಿ ಹುಟ್ಟಿಸುವ ಸಾಲು, ಬರೆದರೆ ಬಲಗಡೆಯ ಎಕ್ಸ್ ಯಾವುದು? ರಸ್ಟ್ ಭಾಷೆಯಲ್ಲಿ ಹಳೆಯದು. ಬಲಗಡೆ ನೋಡಿ ಮುಗಿದ ಮೇಲೆಯೇ ಹೊಸ ಹೆಸರು ಸೇರುವುದು. ಜಾವಾಸ್ಕ್ರಿಪ್ಟ್‌ನಲ್ಲಿ ಅದು ಹೊಸದೇ, ಅದಕ್ಕಿನ್ನೂ ಬೆಲೆ ಸಿಕ್ಕಿಲ್ಲ, ಹಾಗಾಗಿ ಓಡಿಸುವಾಗ ಎರರ್. ಸಿ ಭಾಷೆಯಲ್ಲಿ ಇಂಥದ್ದೇ ಸಾಲು ಬರೆದರೆ ಅಲ್ಲೂ ಹೊಸದೇ, ಆದರೆ ಹೆಚ್ಚೆಂದರೆ ಒಂದು ವಾರ್ನಿಂಗ್ ಕೊಟ್ಟು ಸುಮ್ನಾಗುತ್ತದೆ. ಜಾವಾ ಮಾತ್ರ ಒಳ ಬ್ಲಾಕ್‌ನಲ್ಲಿ ಅದೇ ಹೆಸರಿನ ಇನ್ನೊಂದು ಲೋಕಲ್ ವೇರಿಯಬಲ್‌ಗೆ (ಫಂಕ್ಷನ್ ಒಳಗೇ ಬೆಲೆ ಇಡುವ ಹೆಸರಿಗೆ) ಜಾಗವನ್ನೇ ಕೊಡುವುದಿಲ್ಲ. ನನಗೆ ರಸ್ಟ್ ದಾರಿಯೇ ಇಷ್ಟ.

ಫಂಕ್ಷನ್‌ಗಳಿಗೆ ಟೈಪ್ ಚೆಕರ್ ಎರಡು ಸುತ್ತು ನೋಡಬೇಕು. ಮೊದಲು ಎಲ್ಲದರ ಹೆಸರು ಮತ್ತು ಟೈಪ್, ಆಮೇಲೆ ಒಳಗಿನ ಕೋಡ್. ಇಲ್ಲದಿದ್ದರೆ ಒಂದನ್ನೊಂದು ಕರೆಯುವ ಎರಡು ಫಂಕ್ಷನ್‌ಗಳಲ್ಲಿ ಮೊದಲನೆಯದಕ್ಕೆ ಎರಡನೆಯದು ಕಾಣುವುದೇ ಇಲ್ಲ.

ಕಳೆದ ಮಳೆಗಾಲ ನಾನೂ ಒಂದು ಪುಟ್ಟ ಭಾಷೆ ಮಾಡಿದ್ದೆ. ಅದರ ಚೆಕರ್‌ನಲ್ಲಿ ಎರರ್ ಸಿಕ್ಕಾಗ ಮಧ್ಯದಲ್ಲೇ ರಿಟರ್ನ್ ಮಾಡುತ್ತಿದ್ದೆ, ಒಳಗಿನ ಸ್ಕೋಪ್ (ಆ ಬ್ಲಾಕ್‌ನ ಹೆಸರುಗಳ ಪಟ್ಟಿ) ತೆಗೆಯುವುದು ಮರೆತಿದ್ದೆ. ಒಂದು ಫಂಕ್ಷನ್‌ನ ಹೆಸರುಗಳು ಮುಂದಿನದರಲ್ಲೂ ಸಿಗುತ್ತಿದ್ದವು! ಹುಡುಕಲು ಎರಡು ರಾತ್ರಿ ಹೋಯಿತು. ಅದರಲ್ಲಿ ಒಂದು ಕರೆಂಟ್ ಇಲ್ಲದ ರಾತ್ರಿ.