ಸ್ಪಷ್ಟನೆ: ಲಾಂಡ್ಸ್‌ಬರ್ಗಿಸ್ ಲಿಥುವೇನಿಯಾದ ಅಧ್ಯಕ್ಷರಾಗಿರಲಿಲ್ಲ

‘ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾದ ಲಿಥುವೇನಿಯಾದ ಮೊದಲ ರಾಷ್ಟ್ರಾಧ್ಯಕ್ಷ ವಿತೌತಾಸ್ ಲಾಂಡ್ಸ್‌ಬರ್ಗಿಸ್’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

1990ರ ಮಾರ್ಚ್ 11ರಂದು ಅವರು ಆಯ್ಕೆಯಾದದ್ದು ಸುಪ್ರೀಂ ಕೌನ್ಸಿಲ್‌ನ, ಅಂದರೆ ಸಂಸತ್ತಿನ, ಮುಖ್ಯಸ್ಥರಾಗಿ. ಪರವಾಗಿ 91 ಮತ ಬಿದ್ದವು. ಅದೇ ರಾತ್ರಿ ಸ್ವಾತಂತ್ರ್ಯ ಮರುಸ್ಥಾಪನೆಯ ನಿರ್ಣಯ 124 ಮತಗಳಿಂದ ಅಂಗೀಕಾರವಾಯಿತು. ಆರು ಮಂದಿ ತಟಸ್ಥರು, ವಿರೋಧ ಒಂದೂ ಇಲ್ಲ.

ಗೊಂದಲಕ್ಕೆ ಕಾರಣವಿದೆ. ಅಂದಿನ ತಾತ್ಕಾಲಿಕ ಮೂಲ ಕಾನೂನಿನಲ್ಲಿ, ಅಂದರೆ ಮಧ್ಯಂತರ ಸಂವಿಧಾನದಲ್ಲಿ, ರಾಷ್ಟ್ರಾಧ್ಯಕ್ಷರ ಹುದ್ದೆಯೇ ಇರಲಿಲ್ಲ. ಸಂಸತ್ತಿನ ಮುಖ್ಯಸ್ಥರೇ ದೇಶದ ಅತ್ಯುನ್ನತ ಅಧಿಕಾರಿ. ರಾಷ್ಟ್ರಾಧ್ಯಕ್ಷರ ಹುದ್ದೆಯನ್ನು ಮರಳಿ ತರಲು 1992ರ ಮೇ 23ರಂದು ನಡೆದ ಜನಮತಗಣನೆ ಸೋತಿತು. ಮತ ಹಾಕಿದವರಲ್ಲಿ ಬಹುಪಾಲು ಜನ ಹೌದೆಂದರೂ, ಒಟ್ಟು ಮತದಾರರ ಅರ್ಧದಷ್ಟು ಬೆಂಬಲ ಸಿಗಲಿಲ್ಲ. ಅಕ್ಟೋಬರ್‌ನಲ್ಲಿ ಒಪ್ಪಿಗೆ ಪಡೆದ ಸಂವಿಧಾನದಡಿ, 1993ರ ಫೆಬ್ರವರಿಯಲ್ಲಿ ಗೆದ್ದ ಅಲ್ಗಿರ್ದಾಸ್ ಬ್ರಜೌಸ್ಕಾಸ್ ಮೊದಲ ಚುನಾಯಿತ ಅಧ್ಯಕ್ಷರಾದರು. ಲಾಂಡ್ಸ್‌ಬರ್ಗಿಸ್ 1997ರಲ್ಲಿ ಸ್ಪರ್ಧಿಸಿ ಮೂರನೆಯವರಾದರು.

2022ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ, 1990–92ರ ಅವಧಿಗೆ ಅವರನ್ನು ‘ರಾಷ್ಟ್ರದ ಮುಖ್ಯಸ್ಥ’ ಎಂದು ಗುರುತಿಸಿತು. ಅವರಿಗೆ ಸಲ್ಲಬೇಕಾದ ಗೌರವವೇ ಅದು. ಆದರೆ ಆ ಕಾನೂನೂ ಅವರನ್ನು ‘ಅಧ್ಯಕ್ಷ’ ಎಂದು ಕರೆಯುವುದಿಲ್ಲ. ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಸ್ಪರ್ಧಾತ್ಮಕ ಪರೀಕ್ಷೆಯ ಗುಂಪುಗಳಿಗೆ ಈಗಾಗಲೇ ಕಳಿಸಿದ್ದರೆ ಈ ತಿದ್ದುಪಡಿಯನ್ನೂ ಅಲ್ಲಿಗೇ ಹಾಕಿ.