ಸತ್ಯಾಂಶ: ‘ಅನಮ್ ಕರ’ ಪ್ರಾಚೀನ ಪ್ರೇಮಿಗಳ ಪದವೇ?

ಎರಡು ಆತ್ಮಗಳು ಒಂದಾಗಿ ಹರಿಯುವುದನ್ನೇ ಐರ್ಲೆಂಡ್ ಸೇರಿದಂತೆ ಯುರೋಪಿನ ಹಲವೆಡೆ ನೆಲೆಸಿದ್ದ ಪ್ರಾಚೀನ ಕೆಲ್ಟ್ ಜನರು ‘ಅನಮ್ ಕರ’ ಎನ್ನುತ್ತಿದ್ದರು, ಅದು ಜೀವನಸಂಗಾತಿಗೆ ಅವರಿಟ್ಟ ಹೆಸರು ಎಂಬ ಸಂದೇಶವೊಂದು ಸೂರ್ಯಾಸ್ತದ ಚಿತ್ರದೊಂದಿಗೆ ಹರಿದಾಡುತ್ತಿರುತ್ತದೆ. ಐರಿಷ್ ಭಾಷೆಯಲ್ಲಿ ‘ಅನಮ್’ ಎಂದರೆ ಆತ್ಮ, ‘ಕರ’ ಎಂದರೆ ಸ್ನೇಹಿತ ಎಂಬಷ್ಟು ಮಾತ್ರ ಅದರಲ್ಲಿ ನಿಜ.

ಹಳೆಯ ಐರಿಷ್‌ನಲ್ಲಿ ಒಂದೇ ಪದವಾಗಿದ್ದ ಇದು ಮಧ್ಯಯುಗದ ಐರ್ಲೆಂಡಿನ ಕ್ರೈಸ್ತ ಮಠಗಳಿಗೆ ಸೇರಿದ್ದು. ಯಾರ ಮುಂದೆ ತಪ್ಪೊಪ್ಪಿಕೊಂಡು, ಉಪವಾಸವೋ ಪ್ರಾರ್ಥನೆಯೋ ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಪಾಲಿಸಬೇಕಿತ್ತೋ, ಆ ಮಾರ್ಗದರ್ಶಕರನ್ನು ಹೀಗೆ ಕರೆಯುತ್ತಿದ್ದರು. ಆತ್ಮಸ್ನೇಹಿತನಿಲ್ಲದವನು ತಲೆಯಿಲ್ಲದ ದೇಹದಂತೆ ಎಂಬ ಮಾತು ಐರ್ಲೆಂಡಿನ ಸಂತ ಬ್ರಿಜಿಡ್ ಹೆಸರಿನಲ್ಲಿ ಉಳಿದುಬಂದಿದೆ. ಅಲ್ಲಿರುವುದು ಪ್ರಣಯವಲ್ಲ, ಶಿಸ್ತು. ನಮ್ಮಲ್ಲಿ ಹೋಲಿಕೆ ಹುಡುಕುವುದಾದರೆ ಸಂಗಾತಿಗಿಂತ ಗುರುವೇ ಹತ್ತಿರ. ಇಂದಿನ ಮೃದುವಾದ ಅರ್ಥ ಜಗತ್ತಿನೆಲ್ಲೆಡೆ ಹಬ್ಬಿದ್ದು ಬಹುಮಟ್ಟಿಗೆ 1997ರಲ್ಲಿ ಪ್ರಕಟವಾದ ಒಂದು ಜನಪ್ರಿಯ ಇಂಗ್ಲಿಷ್ ಪುಸ್ತಕದಿಂದ.

‘ಕರ’ವನ್ನು ನಮ್ಮ ‘ಸಹಚರ’ದ ‘ಚರ’ಕ್ಕೆ ಜೋಡಿಸುವ ಆಸೆ ಸಹಜವಾದರೂ ಅದು ಸಲ್ಲದು, ಏಕೆಂದರೆ ‘ಚರ’ದ ಮೂಲ ನಡೆಯುವುದು, ‘ಕರ’ದ ಮೂಲ ಪ್ರೀತಿಸುವುದು. ನಿಜವಾದ ನಂಟಿರುವುದು ‘ಅನಮ್’ನಲ್ಲಿ: ಲ್ಯಾಟಿನ್‌ನ ‘ಅನಿಮ’, ಸಂಸ್ಕೃತದ ‘ಪ್ರಾಣ’ದೊಳಗಿನ ‘ಅನ್’ ಧಾತು, ಇವೆಲ್ಲ ಉಸಿರನ್ನು ಸೂಚಿಸುವ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಹಾಗೆಂದು ಐರಿಷ್ ಸಂಸ್ಕೃತದಿಂದ ಹುಟ್ಟಿತೆಂದಲ್ಲ. ಇವು ದಾಯಾದಿ ಭಾಷೆಗಳು.

ಸಾಧಾರಣ ಒಡನಾಟಕ್ಕೆ ಐರಿಷ್‌ನಲ್ಲಿ ‘ಅನಮ್ ಕರ’ವಲ್ಲ, ಬೇರೆಯೇ ಪದಗಳಿವೆ. ‘ಕರ’ವಂತೂ ಎಷ್ಟು ನಿತ್ಯಬಳಕೆಯದೆಂದರೆ, ಗುರುತಿಲ್ಲದ ಅಧಿಕಾರಿಗೆ ಬರೆಯುವ ಪತ್ರವೂ ‘ಅ ಖರ’, ಅಂದರೆ ‘ಓ ಸ್ನೇಹಿತನೇ’ ಎಂದೇ ಆರಂಭವಾಗುತ್ತದೆ.