ಬಂದಿದೆ. ಹೌದು. ಉದ್ಭವಿಸುವುದಿಲ್ಲ.

ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ಮುಟ್ಟುತ್ತಿಲ್ಲ ಎಂಬುದು ಸರ್ಕಾರದ ಗಮನಕ್ಕೆ ಬಂದಿದೆಯಂತೆ. ವಿಧಾನಸಭೆಯಲ್ಲಿ ನಮ್ಮ ಭಾಗದ ಶಾಸಕರು ಕೇಳಿದ ಪ್ರಶ್ನೆಗೆ ಸಚಿವರು ಕೊಟ್ಟ ಉತ್ತರ ಇದು. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ರೈತರು ಇವತ್ತು ಹೋಳಿಗೆ ಮಾಡಿ ಉಣ್ಣಬಹುದು. ನೀರು ಬಂದಿಲ್ಲ, ಗಮನ ಬಂದಿದೆ. ಹಿಂದಿನ ಅಧಿವೇಶನದಲ್ಲೂ ಬಂದಿತ್ತು, ಅದರ ಹಿಂದಿನದರಲ್ಲೂ ಬಂದಿತ್ತು. ನೀರಿಗಿಂತ ಗಮನವೇ ವಾಸಿ ನೋಡ್ರಿ. ಅದಕ್ಕೆ ಸರದಿ ಮೇಲೆ ನೀರು ಬಿಡುವ ವಾರಾಬಂದಿ ಇಲ್ಲ, ರಾತ್ರೋರಾತ್ರಿ ಪಂಪ್‌ಸೆಟ್ ಹಚ್ಚಿ ಎತ್ತಿಕೊಳ್ಳುವವರೂ ಇಲ್ಲ.

ನಮ್ಮ ಭಾಗದ ಶಾಸಕರು ಏನು ಕೇಳಿದರು, ಸಚಿವರು ಏನಂದರು ಎಂಬುದನ್ನು ಎಲ್ಲರೂ ಓದಿದ್ದೀರಿ. ಓದದವರು ಯಾವುದಾದರೂ ಹಳೇ ವರ್ಷದ್ದು ತೆಗೆದು ಓದಿಕೊಳ್ಳಿ. ಇಸವಿ ಒಂದು ತಿದ್ದಿಕೊಂಡರೆ ಸಾಕು.

ವಿಧಾನಸಭೆಯ ಉತ್ತರದ ಹಾಳೆ ನೋಡದವರಿಗೆ ಹೇಳುತ್ತೇನೆ. ನಡುವೆ ಗೆರೆ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ನಮ್ಮ ಜಲಾಶಯದ ಎಡದಂಡೆ, ಬಲದಂಡೆ ಇದ್ದಂತೆಯೇ. ಎಡಗಡೆ ಪ್ರಶ್ನೆ ದಂಡೆ ಒಡೆಯುವ ಹಾಗೆ ತುಂಬಿ ಹರಿಯುತ್ತದೆ. ಬಲಗಡೆ ಉತ್ತರ ಕೊನೆ ಭಾಗ ತಲುಪುವ ಹೊತ್ತಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. (ಅ) ಕೊನೆ ಭಾಗಕ್ಕೆ ನೀರು ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. (ಆ) ಇದರಿಂದ ರೈತರಿಗೆ ತೊಂದರೆಯಾಗುತ್ತಿರುವುದು ನಿಜವೇ? ಹೌದು. (ಇ) ಹಾಗಿದ್ದಲ್ಲಿ ಸರ್ಕಾರ ಕೈಗೊಂಡ ಕ್ರಮವೇನು? ಕಾಲಕಾಲಕ್ಕೆ ಸೂಕ್ತ ಕ್ರಮ ವಹಿಸಲಾಗುತ್ತಿದೆ. (ಈ) ಕ್ರಮ ಕೈಗೊಳ್ಳದಿದ್ದಲ್ಲಿ ಕಾರಣವೇನು? ಉದ್ಭವಿಸುವುದಿಲ್ಲ.

ಉದ್ಭವಿಸುವುದಿಲ್ಲ ಎನ್ನುವ ಮಾತಿನ ಗತ್ತು ನೋಡಿ. ಲಿಂಗ ಉದ್ಭವಿಸುತ್ತದೆ, ಬಸವಣ್ಣ ಉದ್ಭವಿಸುತ್ತಾನೆ, ಪ್ರಶ್ನೆ ಮಾತ್ರ ಉದ್ಭವಿಸುವುದಿಲ್ಲ. ಕಣ್ಣೆದುರಿಗೆ ಅಚ್ಚಾಗಿ ಕೂತಿರುವ ಪ್ರಶ್ನೆಗೆ ನೀನು ಹುಟ್ಟೇ ಇಲ್ಲ ಎಂದು ಹೇಳುವ ಧೈರ್ಯ ವೇದಾಂತಿಗಳಿಗೂ ಇರಲಿಲ್ಲ.

ಈ ಹಾಳೆ ತಯಾರಾಗುವ ಬಗೆ ಗೊತ್ತಾದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ, ಅಥವಾ ಏರುತ್ತದೆ. ಶಾಸಕರು ಹದಿನೈದು ದಿನ ಮುಂಚೆ ಪ್ರಶ್ನೆಯ ಸೂಚನೆ ಕೊಡಬೇಕು. ಅದು ವಿಧಾನಸಭೆ ಸಚಿವಾಲಯದಿಂದ ಜಲಸಂಪನ್ಮೂಲ ಇಲಾಖೆಗೆ, ಅಲ್ಲಿಂದ ನೀರಾವರಿ ನಿಗಮಕ್ಕೆ, ನಿಗಮದಿಂದ ಮುನಿರಾಬಾದಿನ ಮುಖ್ಯ ಎಂಜಿನಿಯರ್ ಕಚೇರಿಗೆ, ಆಮೇಲೆ ಎಸ್‌ಇ, ಇಇ, ಎಇಇ ಅಂತ ಎಂಜಿನಿಯರ್‌ಗಳ ಮೆಟ್ಟಿಲಿಳಿದು ಕಟ್ಟಕಡೆಯ ಕಿರಿಯ ಎಂಜಿನಿಯರ್, ಅಂದರೆ ಜೆಇ, ತನಕ ಬರುತ್ತದೆ. ಇಳಿದ ದಾರಿಯಲ್ಲೇ ಹತ್ತಬೇಕು. ಕಚೇರಿಗಳಲ್ಲಿ ಇದಕ್ಕೆ ಪ್ರಶ್ನೆ ಅನ್ನುವುದಿಲ್ಲ, ‘ಎಲ್‌ಎಕ್ಯೂ’ (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್) ಅನ್ನುತ್ತಾರೆ. ‘ಎಲ್‌ಎಕ್ಯೂ ಬಂದೈತ್ರೀ’ ಅಂದರೆ ಚಹಾ ಅರ್ಧಕ್ಕೆ ನಿಲ್ಲುತ್ತದೆ. ಮೇಲಿನ ಮೇಜುಗಳಲ್ಲಿ ಹನ್ನೆರಡು ದಿನ ಆರಾಮಾಗಿ ಮಲಗಿದ್ದ ಕಾಗದ ಕೆಳಗಿನ ಮೇಜಿಗೆ ಸಂಜೆ ನಾಲ್ಕೂವರೆಗೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ‘ಅತಿ ಜರೂರು, ಇಂದು ಸಂಜೆ 5ರೊಳಗೆ, ತಪ್ಪಿದಲ್ಲಿ ತಾವೇ ಹೊಣೆ.’ ಅರ್ಧ ತಾಸಿನಲ್ಲಿ ಜೆಇ ಸಾಹೇಬರು ನಾಲೆ ಮೇಲೆ ಹೋಗಿ ನೀರು ಅಳೆದು ಬರಲು ಆಗುತ್ತದೆಯೇ? ಹಿಂದಿನ ಎಲ್‌ಎಕ್ಯೂ ಫೈಲ್ ತೆಗೆದು, ದಿನಾಂಕ ತಿದ್ದಿ, ಕಳಿಸುತ್ತಾರೆ. ಹಿಂದಿನದನ್ನೂ ಹಾಗೇ ಮಾಡಿದ್ದು. ಮೂಲ ಉತ್ತರ ಬರೆದ ಪುಣ್ಯಾತ್ಮ ಈಗ ಪಿಂಚಣಿ ತಗೊಳ್ಳುತ್ತಿರಬೇಕು.

ಇದರಲ್ಲಿ ನುಡಿ ತಂತ್ರಾಂಶದ ಪಾತ್ರ ಹೇಳದಿದ್ದರೆ ಅನ್ಯಾಯವಾಗುತ್ತದೆ. ತಾಲ್ಲೂಕಿನಲ್ಲಿ ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದು ಬೆಂಗಳೂರಿನಲ್ಲಿ ಯೂನಿಕೋಡ್ ಆಗಬೇಕು. ಹಳೇ ಪದ್ಧತಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದರು, ಕಣ್ಣಿಗೆ ಸರಿ ಕಾಣುತ್ತಿತ್ತು. ಅಗ್ಗದ ಪರಿವರ್ತಕಕ್ಕೆ ಹಾಕಿದರೆ ಅರ್ಕ ಒಂದು ಮನೆ ಮುಂದಕ್ಕೆ ಜಿಗಿಯುತ್ತದೆ. ಕರ್ನಾಟಕ ‘ಕನಾರ್ಟಕ’ವಾಗುತ್ತದೆ, ವಾರ್ಷಿಕ ‘ವಾಷಿರ್ಕ’ವಾಗುತ್ತದೆ, ಸರ್ಕಾರ ‘ಸಕಾರ್ರ’ವಾಗುತ್ತದೆ. ಕನಾರ್ಟಕ ಸಕಾರ್ರದ ವಾಷಿರ್ಕ ಅನುದಾನವನ್ನು ತಿದ್ದುವುದಕ್ಕೇ ಒಬ್ಬರು ಅರ್ಧ ದಿನ ಕೂರಬೇಕು. ಉತ್ತರದಲ್ಲಿ ತಿದ್ದುಪಡಿ ಕಾಣುವುದು ಅಲ್ಲೊಂದೇ ಕಡೆ. ಹೀಗಾಗಿ ‘ಬಂದಿದೆ’, ‘ಹೌದು’, ‘ಇಲ್ಲ’ ಜನಪ್ರಿಯವಾಗಿರಲು ಇನ್ನೊಂದು ಕಾರಣ ನನಗೆ ಹೊಳೆಯುತ್ತದೆ. ಅವುಗಳಲ್ಲಿ ಅರ್ಕಾವತ್ತು ಇಲ್ಲ.

‘ಮಾಡುತ್ತೇವೆ’ ಎಂದು ಯಾಕೆ ಬರೆಯುವುದಿಲ್ಲ ಅಂತ ಕೇಳಬಹುದು. ಸದನದಲ್ಲಿ ಕೊಟ್ಟ ಮಾತನ್ನು ಲೆಕ್ಕ ಇಡಲು ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ. ಮಾತು ಕೊಟ್ಟರೆ ಅದು ಕಡತ ತೆರೆದು ವರ್ಷಗಟ್ಟಲೆ ಬೆನ್ನು ಹತ್ತುತ್ತದೆ. ಅದಕ್ಕೇ ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಎಂಬ ಬಾಲ. ಬೇವಿನ ಕಾಯಿಗೆ ಬೆಲ್ಲ ಸವರಿದ ಹಾಗೆ.

ಈಗ ನಾಲೆಗೆ ಬರೋಣ. ರಾಯಚೂರು ರೈತ ‘ನೀರಿಲ್ಲ’ ಅನ್ನುವುದು ಕಡಿಮೆ, ‘ಗೇಜ್ ಇಲ್ರೀ’ ಅನ್ನುತ್ತಾನೆ. ಗೇಜ್ ಅಂದರೆ ನಾಲೆಯ ಗೋಡೆಗೆ ಅಡಿಯ ಗುರುತು ಬರೆದ ಪಟ್ಟಿ, ಅಷ್ಟೇ. 227 ಕಿಲೋಮೀಟರ್ ಉದ್ದದ ನಾಲೆಯಲ್ಲಿ ಮೈಲ್ 69, ಮೈಲ್ 104 ಎಂಬ ಎರಡು ಅಂಕಿ ಈ ಕಡೆಯ ಸಣ್ಣ ಹುಡುಗರಿಗೂ ಬಾಯಿಪಾಠ. ಕಿಲೋಮೀಟರ್ ಬಂದು ಎಷ್ಟೋ ಕಾಲವಾದರೂ ನಾಲೆ ಇನ್ನೂ ಮೈಲಿನಲ್ಲೇ ಇದೆ, ಅದರ ನಿರ್ವಹಣೆಯೂ ಆ ಕಾಲದಲ್ಲೇ ಇದೆ. ಗೇಜಿನ ಗುಟ್ಟು ಏನೆಂದರೆ, ಆಳ ಕಾಲು ಭಾಗ ಇಳಿದರೆ ಹರಿವು ಕಾಲು ಭಾಗ ಇಳಿಯುವುದಿಲ್ಲ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಆಳ ತಗ್ಗಿದಂತೆ ನೀರಿನ ವೇಗವೂ ತಗ್ಗುತ್ತದೆ. ಇನ್ನು ನೀರಿನ ಮಟ್ಟ ವಿತರಣಾ ಕಾಲುವೆ ತೂಬಿನ ತಳಕ್ಕಿಂತ ಕೆಳಗಿಳಿಯಿತೋ, ಆ ಕಾಲುವೆಗೆ ಕಡಿಮೆ ನೀರಲ್ಲ, ನೀರೇ ಇಲ್ಲ. ದೊಡ್ಡ ನಾಲೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ, ದಂಡೆ ಮೇಲೆ ನಿಂತವನ ಹೊಲ ಒಣಗುತ್ತಲೇ ಇರುತ್ತದೆ.

ಸದನದ ಉತ್ತರದಲ್ಲಿ ಬರುವುದು ಈ ಗೇಜಲ್ಲ, ನಾಲೆಯ ತಲೆಯಲ್ಲಿ ಬಿಟ್ಟ ಸರಾಸರಿ ಕ್ಯೂಸೆಕ್. ಹಂಗಾಮಿನ ಸರಾಸರಿ ಚೆನ್ನಾಗಿಯೇ ಇರುತ್ತದೆ, ಸುಳ್ಳೂ ಅಲ್ಲ. ಆದರೆ ಭತ್ತ ಸರಾಸರಿ ಕುಡಿಯುವುದಿಲ್ಲ. ಹೊಡೆ ಹೊರಡುವ ಹೊತ್ತಿನಲ್ಲಿ ಹತ್ತು ದಿನ ನೀರು ತಪ್ಪಿಸಿ, ಆಮೇಲಿನ ಹತ್ತು ದಿನ ಎರಡು ಪಾಲು ಬಿಟ್ಟರೆ ಕಾಗದದಲ್ಲಿ ಲೆಕ್ಕ ಸರಿಹೋಗುತ್ತದೆ, ಹೊಲದಲ್ಲಿ ಜೊಳ್ಳು ಸಿಗುತ್ತದೆ.

ನಾಲೆಯ ಮೇಲ್ಭಾಗದ ರೈತರು ನೀರು ಯಾಕೆ ಎತ್ತುತ್ತಾರೆ ಎಂಬುದೇನು ರಹಸ್ಯವೇ? ಜೋಳ, ಹತ್ತಿ, ಶೇಂಗಾಕ್ಕೆ ಸಾಕಾಗುವಷ್ಟು ನೀರಿಗೆಂದು ತೋಡಿದ ನಾಲೆಯ ಮೇಲ್ಭಾಗದಲ್ಲೆಲ್ಲ ಭತ್ತ. ಗಂಗಾವತಿ, ಕಾರಟಗಿಯನ್ನು ಭತ್ತದ ಕಣಜ ಎಂದು ವೇದಿಕೆ ಮೇಲೆ ಹೊಗಳುವುದೂ ಸರ್ಕಾರವೇ, ‘ಬೆಳೆ ಉಲ್ಲಂಘನೆ’ ಎಂದು ಉತ್ತರದಲ್ಲಿ ಬರೆಯುವುದೂ ಸರ್ಕಾರವೇ. ಕೂಗು ಜೋರಾದರೆ ನಾಲೆ ಉದ್ದಕ್ಕೂ ನಿಷೇಧಾಜ್ಞೆ. ಮೊದಲು ಸೆಕ್ಷನ್ 144 ಇತ್ತು, ಈಗ 163. ಸಂಖ್ಯೆಯಾದರೂ ಏರಿದೆ, ಗೇಜಿನ ಹಾಗಲ್ಲ. ಜೆಸ್ಕಾಂನವರು ಬಂದು ನಾಲೆ ಪಕ್ಕದ ಕರೆಂಟ್ ಕೀಳುತ್ತಾರೆ. ಮೋಟರ್ ಹತ್ತು ದಿನ ಮನೆಗೆ ಹೋಗುತ್ತದೆ, ಡೀಸೆಲ್ ಎಂಜಿನ್ ಬರುತ್ತದೆ. ದಂಡೆ ಕೊರೆದು ಮಣ್ಣಿನಡಿ ಇಟ್ಟ ಪೈಪು ಅಲ್ಲೇ ಇರುತ್ತದೆ, ಅದಕ್ಕೆ ಕರೆಂಟೂ ಬೇಡ. ಮುಂಜಾನೆ ಗೇಜ್ ಬರೆಯುವ ಹೊತ್ತಿಗೆ ಎಲ್ಲ ಶಾಂತ. ಸಚಿವರೋ ಜಿಲ್ಲಾಧಿಕಾರಿಗಳೋ ನಾಲೆ ನೋಡಲು ಹೊರಟರೆ ಅವರ ಕಾರಿನ ಜೊತೆಜೊತೆಗೇ ನೀರೂ ಓಡಿ ಬರುತ್ತದೆ. ಕೊನೆ ಭಾಗದವರು ಎಂಜಿನಿಯರರ ಬದಲು ಒಬ್ಬ ಸಚಿವರನ್ನೇ ಮೈಲ್ 104ರಲ್ಲಿ ಡೇರೆ ಹಾಕಿ ಕೂರಿಸಿಕೊಂಡರೆ ಜುಲೈನಿಂದ ನವೆಂಬರ್‌ವರೆಗೆ ಚಿಂತೆ ಇರುವುದಿಲ್ಲ.

ಪ್ರಶ್ನೆ ಕೇಳುವವರನ್ನು ಪೂರ್ತಿ ಹೊಗಳುವುದಕ್ಕೂ ಆಗದು. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿದರೆ ‘ಬಂದಿದೆ’ ಅಂತಲೇ ಬರುತ್ತದೆ. ‘ಊಟ ಆಯ್ತಾ’ ಅಂದರೆ ‘ಆಯ್ತು’ ಅಂದ ಹಾಗೆ. ಕೇಳಬೇಕಾದ್ದು ಬೇರೆ. ಜುಲೈ 15ರಿಂದ ನವೆಂಬರ್ 30ರವರೆಗೆ ಮೈಲ್ 69 ಮತ್ತು 104ರಲ್ಲಿ ಪ್ರತಿದಿನ ಬೆಳಿಗ್ಗೆ ಆರಕ್ಕೆ, ರಾತ್ರಿ ಹತ್ತಕ್ಕೆ ಗೇಜ್ ಎಷ್ಟಿತ್ತು, ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಎಷ್ಟು ಎಂದು ಒಪ್ಪಿದ್ದರು, ರಿಜಿಸ್ಟರಿನ ನಕಲು ಲಗತ್ತಿಸುವುದು. ತೆಗೆಸಿದ ಪೈಪು ಎಷ್ಟು, ಯಾವ ವಿತರಣಾ ಕಾಲುವೆಯಲ್ಲಿ, ಒಂದು ತಿಂಗಳ ನಂತರ ಅದೇ ಜಾಗದಲ್ಲಿ ಮತ್ತೆ ಎಷ್ಟು. ಇಂಥದಕ್ಕೆ ‘ಬಂದಿದೆ’ ಎಂದು ಬರೆಯಲಾಗದು. ರಾತ್ರಿ ಹತ್ತರ ಅಂಕಿ ಕೇಳಿದರಂತೂ ಸುಳ್ಳು ಬರೆಯುವುದಕ್ಕೂ ಎದ್ದಿರಬೇಕಾಗುತ್ತದೆ.

ಕೇಳಿದರೂ ಕೇಳುವ ಹೊತ್ತಿಗೆ ಸದನದಲ್ಲಿ ಇರಬೇಕಲ್ಲ! ಪ್ರಶ್ನೋತ್ತರ ಒಂದೇ ತಾಸು. ‘ಮಾನ್ಯ ಸಭಾಧ್ಯಕ್ಷರೇ, ತಮ್ಮ ಮೂಲಕ ಸನ್ಮಾನ್ಯ ಸಚಿವರ ಗಮನಕ್ಕೆ ತರಬಯಸುವುದೇನೆಂದರೆ’ ಎಂಬಷ್ಟಕ್ಕೇ ಅರ್ಧ ನಿಮಿಷ ಹೋಗುತ್ತದೆ, ‘ನಮ್ಮ ಭಾಗ ಹಿಂದುಳಿದ ಭಾಗ’ ಎಂಬುದಕ್ಕೆ ಇನ್ನೊಂದು ನಿಮಿಷ. ಎದುರು ಸಾಲಿನವರು ಎದ್ದು ನಿಮ್ಮ ಸರ್ಕಾರ ಇದ್ದಾಗ ಏನು ಮಾಡಿದಿರಿ ಅಂದರೆ ಉಳಿದದ್ದೂ ಅಲ್ಲಿಗೆ. ಬೆಳಗಾವಿ ಅಧಿವೇಶನದ ಕಥೆ ನಾನು ಹೇಳಬೇಕಿಲ್ಲ. ಉತ್ತರ ಕರ್ನಾಟಕದ ಚರ್ಚೆ ಕಡೆಯ ದಿನಗಳಿಗೆ ಜಾರುತ್ತದೆ, ಆ ಹೊತ್ತಿಗೆ ಕುಂದಾ ಪೊಟ್ಟಣಗಳು ಕಾರಿನ ಡಿಕ್ಕಿ ಸೇರಿರುತ್ತವೆ. ಖಾಲಿ ಬೆಂಚುಗಳು ಮಾತ್ರ ಬಹಳ ಗಂಭೀರವಾಗಿ ಕೇಳಿಸಿಕೊಳ್ಳುತ್ತವೆ.

ಇನ್ನು ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರಮಾಲೆ. ಜಲಾಶಯ ಕೇಳಿದರೆ ತುಂಗಭದ್ರಾ ಮಂಡಳಿ. ಹೂಳು ಕೇಳಿದರೆ ನವಲಿಯಲ್ಲಿ ಕಟ್ಟಬೇಕೆಂದಿರುವ ಸಮತೋಲನ ಜಲಾಶಯ, ನವಲಿ ಕೇಳಿದರೆ ಆಂಧ್ರ, ತೆಲಂಗಾಣದ ಒಪ್ಪಿಗೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ 105.788ಕ್ಕೆ ಬಂದಿದೆ, ನಡುವಿನ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ಆ ಮಣ್ಣು ಯಾರ ವ್ಯಾಪ್ತಿಯದ್ದು ಎಂದು ಇನ್ನೂ ತೀರ್ಮಾನವಾಗಬೇಕಿದೆ. ರಾಯಚೂರಿಗೆ ಏಮ್ಸ್ ಕೇಳಿದರೆ ‘ಕೇಂದ್ರಕ್ಕೆ ಪತ್ರ ಬರೆಯಲಾಗಿದೆ’. 2022ರ ಮೇ 13ರಂದು ಧರಣಿ ಕೂತವರಿಗೆ 2025ರ ಫೆಬ್ರುವರಿಯಲ್ಲಿ ಸಾವಿರ ದಿನ ತುಂಬಿತು. ಪತ್ರಗಳ ರಾಶಿಯನ್ನು ಒಂದರ ಮೇಲೊಂದು ಒಟ್ಟಿದ್ದರೆ ಹೊರರೋಗಿ ವಿಭಾಗದ ಒಂದು ಗೋಡೆಯಾದರೂ ಏಳುತ್ತಿತ್ತು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಬಾಯಿ. ಚೈನಿಗೆ ಎಲ್‌ಎಕ್ಯೂ ಗೊತ್ತಿಲ್ಲ, ಅನುದಾನದ ಲಭ್ಯತೆಗೆ ಅನುಗುಣವಾಗಿ ತುಂಡಾಗುವುದೂ ಗೊತ್ತಿಲ್ಲ. ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಹರಿಯುವ ನೀರಿನ ಮೇಲೆ ನಿಂತು, ಐದು ತುಂಡಿನ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ಇಳಿಸಿ, ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ಒಂದು ವಾರ! ಒಂದು ಪ್ರಶ್ನೆ ವಿಧಾನಸೌಧದಿಂದ ಮುನಿರಾಬಾದಿಗೆ ಬರಲು ಅಷ್ಟು ಸಾಲದು.

ಆಮೇಲೆ ಏನಾಯಿತು? ಎಲ್ಲ 33 ಗೇಟ್ ಬದಲಿಸಬೇಕು ಅಂದರು. 2025ರಲ್ಲಿ ಮಳೆ ಬಂದರೂ ಜಲಾಶಯವನ್ನು 80 ಟಿಎಂಸಿಗೇ ನಿಲ್ಲಿಸಿದರು. ಗೇಟ್ ಬದಲಿಸಬೇಕು ಎಂದು ಎರಡನೇ ಬೆಳೆಗೆ ನೀರಿಲ್ಲ ಅಂದರು. ಗೇಟ್ ಬದಲಿಸಲೇಬೇಕಿತ್ತು, ಅದಕ್ಕೆ ತಕರಾರಿಲ್ಲ. ಆದರೆ ಗೇಟು ಹಳೆಯದಾಗಿದ್ದು ಒಂದೇ ರಾತ್ರಿಯಲ್ಲಿ ಅಲ್ಲ. ಎಪ್ಪತ್ತು ವರ್ಷ ಬೇಕಾಯಿತು, ಎಲ್ಲರ ಕಣ್ಣೆದುರಿಗೇ ಆಯಿತು. ಈಗ ಅದರ ಬೆಲೆ ತೆರುವವರು ನಾಟಿ ಹಚ್ಚುವ ಹೆಣ್ಣುಮಕ್ಕಳು. ಅವರಿಗೆ ಹೊಲ ಇಲ್ಲ, ಪರಿಹಾರದ ಪಟ್ಟಿಯಲ್ಲಿ ಹೆಸರು ಬರಲು ಪಹಣಿ ಇಲ್ಲ. ಒಂದು ಬೆಳೆ ಹೋದರೆ ನಾಟಿ ಕೂಲಿ, ಕಳೆ ಕೂಲಿ ಎಲ್ಲ ಹೋಯಿತು. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬೆಂಗಳೂರು ಬಸ್ ಹತ್ತುತ್ತಾರೆ, ಶಾಲೆ ಹಾಜರಿಯಲ್ಲಿ ಆ ಮಕ್ಕಳ ಹೆಸರಿನ ಮುಂದೆ ಗೆರೆ ಬೀಳುತ್ತದೆ. ಗುಳೆ ಹೋಗುತ್ತಿರುವುದು ಗಮನಕ್ಕೆ ಬಂದಿದೆಯೇ ಎಂದು ಯಾರಾದರೂ ಕೇಳಿದರೆ ‘ಉದ್ಯೋಗ ಖಾತ್ರಿಯಡಿ ಕೆಲಸ ಒದಗಿಸಲಾಗುತ್ತಿದೆ’ ಎಂದು ಅಚ್ಚಾಗಿ ಬರುತ್ತದೆ. ಇದನ್ನು ತಮಾಷೆ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಮುಂದಿನ ಅಧಿವೇಶನಕ್ಕೆ ಸೂಚನೆ ಕೊಡುವ ಶಾಸಕರು ಒಂದು ಉಪಪ್ರಶ್ನೆ ಇಟ್ಟುಕೊಳ್ಳಲಿ. ನಾಲೆ ಮೇಲೆ ಗೇಜ್ ನೋಡುವವರು ಗ್ಯಾಂಗ್‌ಮನ್‌ಗಳು, ಹಂಗಾಮಿ ಕೆಲಸದವರು. ಸಂಬಳ ಬಾಕಿ ಇದೆ ಎಂದು ಅವರು ಆಗಾಗ ಧರಣಿ ಕೂರುವುದು ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇರುತ್ತದೆ. ಎರಡು ಜಿಲ್ಲೆಯ ಜಗಳ ತೀರ್ಮಾನವಾಗುವ ಅಂಕಿಯನ್ನು ಬರೆಯುವವನಿಗೆ ತಿಂಗಳ ಪಗಾರ ಖಾತ್ರಿ ಇಲ್ಲ. ಎಷ್ಟೋ ಕಡೆ ಗೇಜ್ ಪಟ್ಟಿಯ ಬಣ್ಣ ಉದುರಿ ನಡುವಿನ ಅಡಿಗಳು ಅಳಿಸಿಹೋಗಿವೆ. ಅವನು ಜಾಲಿ ಕಡ್ಡಿಯೊಂದನ್ನು ನೀರಿಗೆ ಇಳಿಬಿಟ್ಟು, ತೊಯ್ದಷ್ಟನ್ನು ಗೇಣಿನಲ್ಲಿ ಅಳೆದು, ಜೆಇಗೆ ಫೋನ್ ಹಚ್ಚುತ್ತಾನೆ. ಒಂದು ಡಬ್ಬಿ ಬಿಳಿ, ಒಂದು ಡಬ್ಬಿ ಕರಿ ಬಣ್ಣ ಸಾಕು. ಅದನ್ನೂ ಕೇಳಿಬಿಡಿ ಸಾಹೇಬ್ರ, ಸದನದಲ್ಲಿ ಬಾಯಿಮಾತಿನ ಉತ್ತರ ತರಿಸುವ ಚುಕ್ಕೆ ಗುರುತು ಇಲ್ಲದಿದ್ದರೂ ನಡೆಯುತ್ತದೆ.